ಸುಮತಿಯ ನಾಡಿ, ನನ್ನ ನಾಡಿ

ಎದೆ ಹಾರುವುದು ಶುರುವಾದಾಗ ಅದನ್ನು ನಾನು ನಾಚಿಕೆ ಅಂದುಕೊಂಡಿದ್ದೆ.

ಆಗ ನನಗೆ ಮೂವತ್ತಾರು ವರ್ಷ. ಮದುವೆಯಾಗಿ ಮೈಸೂರಿನಿಂದ ಮುಂಬಯಿಗೆ ಬಂದು ಹನ್ನೆರಡು ವರ್ಷ ಕಳೆದಿತ್ತು. ನಮ್ಮ ಮನೆಯವರಿಗೆ ಕೇಂದ್ರ ಸರಕಾರದ ಕೆಲಸ, ಆಂಟಾಪ್ ಹಿಲ್‌ನಲ್ಲಿ ಕ್ವಾರ್ಟರ್ಸ್. ನಾನು ಫೋರ್ಟ್ ಪ್ರದೇಶದ ಒಂದು ಕಂಪನಿಯಲ್ಲಿ ಟೈಪಿಸ್ಟ್. ಮಗಳು ಆರತಿ ಹುಟ್ಟಿದ ವರ್ಷ ಮೊಣಕೈಯಲ್ಲಿ ಕಾಣಿಸಿಕೊಂಡ ಸೋರಿಯಾಸಿಸ್, ಅವಳಿಗೆ ಒಂಬತ್ತು ತುಂಬುವಷ್ಟರಲ್ಲಿ ತಲೆ, ಬೆನ್ನು, ಅಂಗೈವರೆಗೂ ಹಬ್ಬಿತ್ತು. ಕೆಂಪು ಮಚ್ಚೆ, ಅದರ ಮೇಲೆ ಬಿಳಿ ಹೊಟ್ಟು. ಟೈಪ್‌ರೈಟರಿನ ಕೀಲಿಗಳ ನಡುವೆ ಉದುರಿದ ಹೊಟ್ಟನ್ನು ದಿನವೂ ಎಲ್ಲರೂ ಹೋದ ಮೇಲೆ ಬ್ರಷ್‌ನಿಂದ ಗುಡಿಸಿ ಮನೆಗೆ ಹೊರಡುತ್ತಿದ್ದೆ.

ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಚಾಚಿದರೆ ರವಿಕೆಯ ಉದ್ದ ತೋಳು ಸರಿದು ಮಣಿಕಟ್ಟು ಕಾಣುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ನೋಡಿ, ತನ್ನ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸುತ್ತಿದ್ದಳು. ಆಗ ನನ್ನ ಎದೆ ಹಾರುತ್ತಿತ್ತು. ಎರಡು ಬಡಿತ ಒಟ್ಟೊಟ್ಟಿಗೆ, ಆಮೇಲೆ ಒಂದು ಬಡಿತವೇ ಇಲ್ಲ, ಆಮೇಲೆ ಹೊಲಿಗೆ ಮೆಷಿನ್ ಓಡಿಸಿದ ಹಾಗೆ. ಅವಮಾನವಾದಾಗ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಂಬಿದ್ದೆ. ಯಾರೂ ನೋಡದಿದ್ದಾಗಲೂ, ಮನೆಯಲ್ಲಿ ಒಬ್ಬಳೇ ಸೊಪ್ಪು ಬಿಡಿಸುತ್ತಾ ಕೂತಿದ್ದಾಗಲೂ ಅದು ಬರತೊಡಗಿದ ಮೇಲೆ ಮನೆಯವರಿಗೆ ಹೇಳಿದೆ.

"ನಿನಗೆ ಯೋಚನೆ ಜಾಸ್ತಿ, ವತ್ಸಲಾ," ಎಂದರು ಅವರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕಾಲೊನಿಯ ಡಾಕ್ಟರೂ ಅದನ್ನೇ ಅಂದರು. ನರದ ದೌರ್ಬಲ್ಯ ಎಂದು ಒಂದು ಟಾನಿಕ್ ಬರೆದುಕೊಟ್ಟರು. "ಚರ್ಮದ ಚಿಂತೆ ಬಿಡಿ, ಎಲ್ಲಾ ಸರಿಹೋಗತ್ತೆ," ಎಂದರು.

ಚರ್ಮದ ಚಿಂತೆ ಬಿಡುವುದು ಹೇಗೆ ಎಂದು ಅವರೂ ಹೇಳಲಿಲ್ಲ.

ಪ್ರತಿ ಮಂಗಳವಾರ ಅರ್ಧ ದಿನ ರಜೆ ಹಾಕಿ ಒಂದು ದೊಡ್ಡ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗುತ್ತಿದ್ದೆ. ಉದ್ದನೆಯ ಓಣಿ, ಎರಡೂ ಕಡೆ ಮರದ ಬೆಂಚು, ಡಾಂಬರಿನ ವಾಸನೆಯ ಮುಲಾಮು. ಅಲ್ಲಿಯೂ ಜನ ಒಬ್ಬರಿಗೊಬ್ಬರು ತಾಗದಂತೆ ಕೂರುತ್ತಿದ್ದರು. ನಮ್ಮದು ಅಂಟುರೋಗವಲ್ಲ ಎಂದು ನಮಗೆ ಗೊತ್ತಿತ್ತು. ಆದರೂ ಹಾಗೆ ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ಒಂದು ಮಂಗಳವಾರ ಹಸಿರು ವಾಯಿಲ್ ಸೀರೆಯ ಹೆಂಗಸೊಬ್ಬರು ಬಂದು ನನಗೆ ಭುಜ ತಾಗುವಷ್ಟು ಹತ್ತಿರ ಕೂತರು. ನನ್ನ ಚೀಲದಲ್ಲಿದ್ದ ಕನ್ನಡ ವಾರಪತ್ರಿಕೆ ನೋಡಿ, "ನೀವು ಕನ್ನಡದವರಾ? ಅಬ್ಬ, ಇವತ್ತು ಮಾತಾಡ್ಲಿಕ್ಕೆ ಜನ ಸಿಕ್ಕಿತು," ಎಂದರು.

ಅವರೇ ಸುಮತಿ. ಉಡುಪಿ ಕಡೆಯವರು. ನನಗಿಂತ ಎರಡು ವರ್ಷ ಚಿಕ್ಕವರು. ಬೊರಿವಲಿ ಸ್ಟೇಷನ್ ಹತ್ತಿರ ಅವರ ಅಣ್ಣನ ಹೋಟೆಲು, ಅದರ ಮೇಲೆಯೇ ಮನೆ. ಹದಿನೆಂಟು ವರ್ಷದಿಂದ ಈ ಕಾಯಿಲೆ, ಹಾಗಾಗಿ ಮದುವೆ ಆಗಿರಲಿಲ್ಲ. ಅಣ್ಣ ಅವರನ್ನು ಹೋಟೆಲಿಗೆ ಇಳಿಯಲು ಬಿಡುತ್ತಿರಲಿಲ್ಲ. ಮಹಡಿಯ ಮೇಲೆ ಕೂತು ಅಕ್ಕಿ ಆರಿಸುವುದು, ಸಾಂಬಾರಿನ ಪುಡಿಗೆ ಮೆಣಸು ಹುರಿಯುವುದು ಅವರ ಕೆಲಸ.

"ಅಣ್ಣ ಒಳ್ಳೆಯವ," ಎನ್ನುತ್ತಿದ್ದರು. "ಆದ್ರೆ ಹೋಟ್ಲು ಅಲ್ವಾ ವತ್ಸಲಕ್ಕ. ಗಿರಾಕಿಗಳು ನನ್ನ ಕೈ ನೋಡಿದ್ರೆ ಮತ್ತೆ ಬರ್ಲಿಕ್ಕಿಲ್ಲ. ಅವನದ್ದು ಎಂತ ತಪ್ಪು."

ಆಮೇಲೆ ಪ್ರತಿ ಮಂಗಳವಾರ ಯಾರು ಮೊದಲು ಬರುತ್ತಾರೋ ಅವರು ಇನ್ನೊಬ್ಬರಿಗೆ ಜಾಗ ಹಿಡಿಯುವುದು ಎಂದಾಯಿತು. ಸುಮತಿ ಬಾಳೆಲೆಯಲ್ಲಿ ಕಟ್ಟಿದ ಬನ್ಸ್ ತರುತ್ತಿದ್ದರು. ನಾನು ಚಟ್ನಿಪುಡಿ ಅನ್ನ. ಇನ್ನೊಬ್ಬರು ನನ್ನ ಡಬ್ಬಿಯಿಂದ ಕೈಹಾಕಿ ತಿಂದದ್ದನ್ನು ಎಷ್ಟೋ ವರ್ಷದ ಮೇಲೆ ನೋಡಿದೆ.

ಎದೆಯ ವಿಷಯ ಬಂದದ್ದು ನಾಲ್ಕೈದು ತಿಂಗಳಾದ ಮೇಲೆ. ಅವತ್ತು ಓಣಿಯಲ್ಲಿ ಕೂತಿದ್ದಂತೆಯೇ ನನಗೆ ಹಾರತೊಡಗಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದೆ.

"ಎಂತಾಯ್ತು?"

"ಏನಿಲ್ಲ, ಎದೆ ಒಂಥರಾ ಹಾರತ್ತೆ. ನರದ ದೌರ್ಬಲ್ಯವಂತೆ."

ಸುಮತಿ ಪೂರ್ತಿ ನನ್ನ ಕಡೆ ತಿರುಗಿದರು. "ನಂಗೂ ಉಂಟು," ಎಂದರು. "ಮೆಟ್ಟಿಲು ಹತ್ತುವಾಗ. ಕೆಲವು ಸಲ ಸುಮ್ಮನೆ ಕೂತಾಗ್ಲೂ. ಕೈ ಕೊಡಿ ಇಲ್ಲಿ."

ನನ್ನ ಮಣಿಕಟ್ಟು ಹಿಡಿದರು. ಮಚ್ಚೆಯ ಮೇಲೆಯೇ ಬೆರಳಿಟ್ಟು ಬಹಳ ಹೊತ್ತು ಎಣಿಸಿದರು. ಆಮೇಲೆ ತಮ್ಮ ಕೈ ನನಗೆ ಕೊಟ್ಟರು. ನನಗೆ ನಾಡಿ ನೋಡಲು ಬರುತ್ತಿರಲಿಲ್ಲ. ಆದರೂ ಬೆರಳ ಕೆಳಗೆ ಸಿಕ್ಕಿತು. ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು.

"ಇಬ್ಬರದ್ದೂ ಒಂದೇ ಮೆಷಿನ್ ಮಾರಾಯ್ರೆ," ಎಂದು ಸುಮತಿ ನಕ್ಕರು. ನಾನೂ ನಕ್ಕೆ. ಇಬ್ಬರಿಗೂ ಯೋಚನೆ ಜಾಸ್ತಿ ಎಂದು ತೀರ್ಮಾನ ಮಾಡಿ ಡಬ್ಬಿ ತೆರೆದೆವು. ಎರಡು ಮೈಗಳಲ್ಲಿ ಒಂದೇ ಕಾಯಿಲೆ, ಎರಡು ಎದೆಗಳಲ್ಲಿ ಒಂದೇ ತೊಂದರೆ. ಯಾಕೆ ಎಂದು ನಮಗೆ ಹೊಳೆಯಲೇ ಇಲ್ಲ.

ಏಪ್ರಿಲ್‌ನಲ್ಲಿ ಚರ್ಮದ ಡಾಕ್ಟರು ನನಗೆ ಇನ್ನೂ ಜೋರಿನ ಮಾತ್ರೆ ಶುರು ಮಾಡಬೇಕೆಂದರು. ಅದಕ್ಕೆ ಮೊದಲು ಪೂರ್ತಿ ತಪಾಸಣೆ. ತಪಾಸಣೆಗೆ ಬಂದವಳು ಆಗಷ್ಟೇ ಓದು ಮುಗಿಸಿದ ಮರಾಠಿ ಹುಡುಗಿ. ನನ್ನ ನಾಡಿ ಹಿಡಿದವಳು ಬಿಡಲೇ ಇಲ್ಲ. ಗಡಿಯಾರ ನೋಡಿದಳು, ಎದೆಗೆ ಸ್ಟೆತೊಸ್ಕೋಪ್ ಇಟ್ಟಳು, ಮತ್ತೆ ನಾಡಿ ಹಿಡಿದಳು. "ಆಂಟಿ, ಇದು ಯಾವಾಗಿಂದ ಹೀಗಿದೆ?" ಎಂದು ಹಿಂದಿಯಲ್ಲಿ ಕೇಳಿದಳು. ಎರಡು ವರ್ಷ ಎಂದೆ. ತಾನೇ ಕೈಹಿಡಿದು ಓಣಿಯ ಕೊನೆಯಲ್ಲಿದ್ದ ಇಸಿಜಿ ಕೋಣೆಗೆ ಕರೆದುಕೊಂಡು ಹೋದಳು.

ಆ ಕೋಣೆಯನ್ನು ನಾನು ಮರೆಯುವುದಿಲ್ಲ. ಎದೆಗೆ ಅಂಟಿಸುವ ರಬ್ಬರಿನ ಬುರುಡೆಗಳು ನನ್ನ ಚರ್ಮದ ಮೇಲೆ ನಿಲ್ಲುತ್ತಿರಲಿಲ್ಲ. ಹೊಟ್ಟಿನ ಮೇಲೆ ಕೂರಿಸಿದರೆ ಪಟ್ಟೆಂದು ಕಳಚಿ ಬೀಳುತ್ತಿದ್ದವು. ಅಷ್ಟೂ ಮಚ್ಚೆ ಬೆಳಕಿನಲ್ಲಿ ಬಿಚ್ಚಿಟ್ಟುಕೊಂಡು ಮಲಗಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಲಸ ಮಾಡುತ್ತಿದ್ದ ನಡುವಯಸ್ಸಿನ ಹೆಂಗಸು ಬಿಸಿನೀರಿನಲ್ಲಿ ಹತ್ತಿ ಅದ್ದಿ, ಮಚ್ಚೆಗಳನ್ನು ನೋವಾಗದಂತೆ ಒರೆಸಿ, ಬುರುಡೆಗಳನ್ನು ತನ್ನ ಬೆರಳುಗಳಿಂದಲೇ ಒತ್ತಿ ಹಿಡಿದಳು. ಕಾಗದ ಓಡುವಷ್ಟು ಹೊತ್ತೂ ಹಾಗೇ ಹಿಡಿದಿದ್ದಳು. ಕೊನೆಗೆ ನನ್ನ ರವಿಕೆಯ ಗುಂಡಿಗಳನ್ನು ತಾನೇ ಹಾಕಿದಳು.

ಹೃದಯದ ಡಾಕ್ಟರು ಕಾಗದ ನೋಡಿ, ನಾಡಿಯ ಲಯ ತಪ್ಪಿದೆ ಎಂದರು. ಕವಾಟ ಸರಿಯಿದೆ, ಥೈರಾಯ್ಡ್ ಸರಿಯಿದೆ, ಕಾರಣ ಕಾಣುತ್ತಿಲ್ಲ. ಹೀಗೇ ಬಿಟ್ಟರೆ ರಕ್ತ ಒಳಗೆ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಎರಡು ಬಗೆಯ ಮಾತ್ರೆ ಬರೆದರು. ಒಂದು ರಕ್ತ ಹೆಪ್ಪುಗಟ್ಟದಂತೆ, ಇನ್ನೊಂದು ಬಡಿತವನ್ನು ನಿಧಾನ ಮಾಡಲು. ನನ್ನ ಕೈ ಮೇಲಿನ ಮಚ್ಚೆ ಅವರಿಗೆ ಕಾಣಿಸಿತ್ತು. ಅದಕ್ಕೂ ಎದೆಗೂ, ಅದಕ್ಕೂ ಆ ಮಾತ್ರೆಗೂ ಸಂಬಂಧ ಇರಬಹುದೆಂದು ಅವತ್ತು ಯಾರಿಗೂ ತೋಚಲಿಲ್ಲ.

ಹೊರಗೆ ಬಂದಾಗ ಸುಮತಿ ತಮ್ಮ ಸರದಿ ಮುಗಿಸಿ ನನಗಾಗಿ ಕಾದಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲಾ ಹೇಳಿದೆ. "ಸುಮತಿ, ನಿಮ್ಮದೂ ನನ್ನ ಹಾಗೇ ಇದೆಯಲ್ಲ. ಈಗಲೇ ಬನ್ನಿ, ಒಂದು ಸಲ ತೆಗೆಸಿಬಿಡೋಣ."

ಅವರ ಮುಖ ಸಣ್ಣಗಾಯಿತು. "ಇವತ್ತು ಬೇಡ. ನಾಡಿದ್ದು ಊರಿಗೆ ಹೊರಟಿದ್ದೇವೆ. ಅಣ್ಣನ ಮಗಳ ನಿಶ್ಚಿತಾರ್ಥ. ಈಗ ನನ್ನ ಎದೆಗೂ ರೋಗ ಅಂತ ಗೊತ್ತಾದ್ರೆ ಗಂಡಿನವರು ಎಂತ ಹೇಳ್ತಾರೋ? ಚರ್ಮದ್ದೇ ಸಾಕಾಗಿದೆ ಅವರಿಗೆ."

"ಬಂದ ಮೇಲೆ?"

"ಬಂದ ಮೇಲೆ ಖಂಡಿತ. ಜೂನ್ ಮೊದಲ ಮಂಗಳವಾರ. ಆದ್ರೆ ನೀವು ಒಟ್ಟಿಗೆ ಇರ್ಬೇಕು ವತ್ಸಲಕ್ಕ. ಅಪರಿಚಿತರ ಎದುರು ರವಿಕೆ ಬಿಚ್ಚಿ ಮಲಗ್ಲಿಕ್ಕೆ ನನ್ನಿಂದ ಆಗುದಿಲ್ಲ. ಎದೆ ಮೇಲೆಯೇ ಜಾಸ್ತಿ ಉಂಟು ನಂಗೆ."

"ಇರ್ತೀನಿ. ಕೈ ಹಿಡ್ಕೊಂಡೇ ಇರ್ತೀನಿ."

ಹೋಟೆಲಿನ ಫೋನ್ ನಂಬರನ್ನು ನನ್ನ ಆಸ್ಪತ್ರೆಯ ಕೇಸ್‌ಪೇಪರಿನ ಹಿಂದೆ ಬರೆದುಕೊಟ್ಟರು. ಕೂಡಲೇ, "ಆದ್ರೆ ಫೋನ್ ಮಾಡ್ಬೇಡಿ ಆಯ್ತಾ. ಕೌಂಟರಿನಲ್ಲಿ ಅಣ್ಣ ಇರ್ತಾನೆ. ಎಂತ ವಿಷಯ ಅಂತ ಕೇಳ್ತಾನೆ," ಎಂದರು.

ಮೇ ತಿಂಗಳಲ್ಲಿ ನನ್ನ ಎದೆ ಸುಮ್ಮನಾಯಿತು. ಎರಡು ವರ್ಷದ ಮೇಲೆ ನಿರಾಳವಾಗಿ ಮೆಟ್ಟಿಲು ಹತ್ತಿದೆ. ಆದರೆ ಮೂರನೆಯ ವಾರದಿಂದ ಚರ್ಮ ಕೆಟ್ಟಿತು. ಮೊದಲು ಹೊಟ್ಟೆ, ಆಮೇಲೆ ತೊಡೆ, ಮುಖ. ಹಿಂದೆಂದೂ ಮುಖಕ್ಕೆ ಬಂದಿರಲಿಲ್ಲ. ತಿಂಗಳ ಕೊನೆಗೆ ಇಡೀ ಮೈ ಸುಟ್ಟ ಹಾಗೆ ಕೆಂಪಾಗಿ, ಸೀರೆ ಉಡಲಾಗದೆ, ಕೊಬ್ಬರಿ ಎಣ್ಣೆ ಹಚ್ಚಿದ ಹಳೆಯ ಪಂಚೆಯ ಮೇಲೆ ಮಲಗಿದೆ. ಅಂಥ ಸೆಕೆಯಲ್ಲೂ ಚಳಿ ಹಿಡಿದು ನಡುಗುತ್ತಿದ್ದೆ. ಸ್ಕೂಲಿಗೆ ಬೇಸಿಗೆ ರಜೆ, ಆರತಿ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. "ಅಮ್ಮ, ಹಿಲೋ ಮತ್, ಅಲ್ಲಾಡಿದ್ರೆ ಎಣ್ಣೆ ಬೀಳತ್ತೆ," ಎನ್ನುತ್ತಿದ್ದಳು. ಅವಳ ಕೈ ತಾಗಿದರೆ ಉರಿಯುತ್ತಿತ್ತು. ನಾನು ಅಲ್ಲಾಡುತ್ತಿರಲಿಲ್ಲ.

ಜೂನ್ ಮೊದಲ ಮಂಗಳವಾರ ನಾನು ಹಾಗೆ ಮಲಗಿದ್ದೆ.

ಸುಮತಿಯ ನೆನಪಾಗಲಿಲ್ಲ ಎಂದರೆ ಸುಳ್ಳು. ಬೆಳಗ್ಗೆ ಎಚ್ಚರವಾದ ಕೂಡಲೇ ಬಂದ ನೆನಪೇ ಅದು. ಮನೆಯವರು ಆಫೀಸಿಗೆ ಹೊರಟು ನಿಂತಿದ್ದರು. ಕೇಸ್‌ಪೇಪರ್ ಕೊಟ್ಟು, "ರೀ, ಈ ನಂಬರಿಗೆ ಒಂದು ಫೋನ್ ಮಾಡಿ ನಾನು ಬರಲ್ಲ ಅಂತ ಹೇಳಿ, ಅವರು ಒಬ್ಬರೇ ಆದರೂ ಪರೀಕ್ಷೆ ಮಾಡಿಸಿಕೊಳ್ಳಲಿ," ಎಂದಿದ್ದರೆ ಅವರು ಖಂಡಿತ ಮಾಡುತ್ತಿದ್ದರು. ಫೋನ್ ಮಾಡಬೇಡಿ ಎಂದು ಸುಮತಿ ಹೇಳಿದ್ದು ನಿಜ. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಅವತ್ತು ನನಗೆ ನನ್ನ ನೋವಿನಾಚೆ ಯಾರೂ ಬೇಕಿರಲಿಲ್ಲ. ಮುಂದಿನ ಮಂಗಳವಾರ ನೋಡಿದರಾಯಿತು ಎಂದುಕೊಂಡು ಗೋಡೆ ಕಡೆ ತಿರುಗಿದೆ. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಎರಡು ದಿನದ ಮೇಲೆ ಜ್ವರ ಏರಿತು. ಮನೆಯವರು ಟ್ಯಾಕ್ಸಿಯಲ್ಲಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚರ್ಮದ ವಾರ್ಡಿಗೆ ಸೇರಿಸಿದರು. ಹಿರಿಯ ಡಾಕ್ಟರು ನನ್ನ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲಾ ಹಾಸಿಗೆಯ ಮೇಲೆ ಸುರಿದರು. ಬಡಿತ ನಿಧಾನ ಮಾಡುವ ಮಾತ್ರೆಯನ್ನು ಎತ್ತಿ ಹಿಡಿದು, "ಇದು ಎಷ್ಟು ದಿನದಿಂದ?" ಎಂದು ಕೇಳಿದರು. ಈ ಜಾತಿಯ ಮಾತ್ರೆ ಕೆಲವರಲ್ಲಿ ಸೋರಿಯಾಸಿಸ್ ಅನ್ನು ಕೆರಳಿಸುತ್ತದಂತೆ. ಹೃದಯದ ಡಾಕ್ಟರನ್ನು ಅಲ್ಲಿಗೇ ಕರೆಸಿದರು. ಇಬ್ಬರೂ ನನ್ನ ಮಂಚದ ಬುಡದಲ್ಲಿ ನಿಂತು ಮಾತಾಡಿ ಮಾತ್ರೆ ಬದಲಾಯಿಸಿದರು. ನನ್ನ ಚರ್ಮವನ್ನೂ ಎದೆಯನ್ನೂ ಒಬ್ಬಳೇ ಹೆಂಗಸಿನವು ಎಂದು ನೋಡಿದ್ದು ಅದೇ ಮೊದಲು.

ವಾರ್ಡಿನಲ್ಲಿ ಐದು ವಾರ ಇದ್ದೆ. ಮನೆಯವರು ದಿನವೂ ಸಂಜೆ ಬಂದು, ಹಾಸಿಗೆಯ ಮೇಲೆ ಉದುರಿದ್ದನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಒಂದು ದಿನ ಒರೆಸುತ್ತಾ ಒರೆಸುತ್ತಾ, "ಯೋಚನೆ ಜಾಸ್ತಿ ಅಂತ ಅಂದುಬಿಟ್ಟಿದ್ದೆ ನಾನು," ಎಂದರು. ಅಷ್ಟೇ. ನಾನು ಅವರ ಕೈ ತಟ್ಟಿದೆ.

ಈಗ ನನಗೆ ವಯಸ್ಸಾಗಿದೆ. ಸೋರಿಯಾಸಿಸ್ ಇದೆ, ಲಯ ತಪ್ಪುವ ಎದೆಯೂ ಇದೆ, ಎರಡರ ಜೊತೆಗೂ ಬದುಕುವುದನ್ನು ಕಲಿತಿದ್ದೇನೆ. ಮಾತ್ರೆ ತಪ್ಪಿಸುವುದಿಲ್ಲ, ರಕ್ತಪರೀಕ್ಷೆ ತಪ್ಪಿಸುವುದಿಲ್ಲ. ಇತ್ತೀಚೆಗೆ ಚರ್ಮದ ಡಾಕ್ಟರೇ, "ಎದೆ ಹಾರತ್ತಾ? ತಲೆ ಸುತ್ತು ಬರತ್ತಾ?" ಎಂದು ಕೇಳುತ್ತಾರೆ. ಒಳಗಿನ ಉರಿ ಚರ್ಮದಲ್ಲೇ ನಿಲ್ಲುವುದಿಲ್ಲ, ನಿಮ್ಮಂಥವರಲ್ಲಿ ಹೃದಯಕ್ಕೂ ತಾಗಬಹುದು ಎನ್ನುತ್ತಾರೆ. ಮೊದಲ ಸಲ ಆ ಪ್ರಶ್ನೆ ಕೇಳಿದಾಗ ನನಗೆ ಅಳು ಬಂತು. ಪಾಪ, ಅವರಿಗೆ ಗಾಬರಿಯಾಯಿತು. ಇದನ್ನು ಓದುವವರಲ್ಲಿ ಮೈಮೇಲೆ ಮಚ್ಚೆ ಇದ್ದು, ಎದೆ ಹಾರುವುದನ್ನು ನಾಚಿಕೆ ಎಂದೋ ನರ ಎಂದೋ ಅಂದುಕೊಂಡವರು ಯಾರಾದರೂ ಇದ್ದರೆ, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳಲು ಹೆದರಿಕೆಯಾದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಬರಲು ಒಪ್ಪಿದವರು ಬರಲಾಗದಿದ್ದರೆ ಒಬ್ಬರೇ ಹೋಗಿ.

ಸುಮತಿಯ ಕಥೆ ಇನ್ನೂ ಮುಗಿದಿಲ್ಲ.

ವಾರ್ಡಿನಿಂದ ಬಿಡುಗಡೆಯಾದ ದಿನ ಚರ್ಮದ ಓಣಿಗೆ ಹೋಗಿ ಅವರಿಗಾಗಿ ಹುಡುಕಿದೆ. ಮಂಗಳವಾರವೇ ಆಗಿತ್ತು, ಆದರೂ ಅವರಿರಲಿಲ್ಲ. ಅಲ್ಲಿನ ಆಯಾಳನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದಳು.

"ನಿನ್ನ ಆ ಬೊರಿವಲಿಯವಳು ಬಂದಿದ್ದಳು," ಎಂದಳು. "ಒಂದೂವರೆ ತಿಂಗಳ ಹಿಂದೆ. ಬೆಳಗ್ಗೆಯೇ ಬಂದು ನಿನಗೆ ಜಾಗ ಹಿಡಿದು ಕೂತಿದ್ದಳು. ಎರಡು ಸಲ ನನ್ನ ಕೇಳಿದಳು, ಆಂಟಾಪ್ ಹಿಲ್‌ನವರು ಬಂದರಾ ಅಂತ. ಇಸಿಜಿ ಕೋಣೆ ಬಾಗಿಲವರೆಗೂ ಹೋದಳು, ವಾಪಸು ಬಂದಳು. ಆಮೇಲೆ ಓಪಿಡಿ ಮುಚ್ಚುವ ಹೊತ್ತಾಯಿತು, ಎದ್ದು ಹೋದಳು."

"ಆಮೇಲೆ ಬಂದಿದ್ದರಾ?"

"ಇಲ್ಲ. ಮತ್ತೆ ಕಾಣಲಿಲ್ಲ."

ಫೋನ್ ಮಾಡುವ ಧೈರ್ಯ ಬರಲಿಲ್ಲ. ಮುಂದಿನ ಭಾನುವಾರ ಒಬ್ಬಳೇ ಬೊರಿವಲಿಗೆ ಹೋದೆ. ಹೋಟೆಲು ಸುಲಭವಾಗಿ ಸಿಕ್ಕಿತು. ಕೌಂಟರಿನಲ್ಲಿ ಕೂತವರ ಹಣೆ, ಮೂಗು ಎಲ್ಲಾ ಸುಮತಿಯದೇ. ಅವರ ಅಣ್ಣ, ವಿಠಲಣ್ಣ. "ಸುಮತಿ ಇದ್ದಾರಾ?" ಎಂದು ಕನ್ನಡದಲ್ಲಿ ಕೇಳಿದೆ.

ಅವರು ನನ್ನನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಕೌಂಟರಿನಿಂದ ಎದ್ದು ಬಂದು ಒಳಗಿನ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು.

"ಅವಳು ಹೋಗಿ ಇಪ್ಪತ್ತಾರು ದಿನ ಆಯ್ತು," ಎಂದರು.

ಬೆಳಗ್ಗೆ ಅಕ್ಕಿ ಆರಿಸುತ್ತಾ ಕೂತಿದ್ದರಂತೆ. ಅತ್ತಿಗೆ ಏನೋ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಮೊರದಲ್ಲೇ ಬಿದ್ದಿತ್ತು. ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದರು. ಎರಡು ದಿನ ಇದ್ದರು, ಮಾತು ಬರಲೇ ಇಲ್ಲ.

"ಅಲ್ಲಿನ ಡಾಕ್ಟ್ರು ಕೇಳಿದ್ರು, ಇವರಿಗೆ ಮೊದಲೇ ಎದೆ ಬಡಿತದ ತೊಂದರೆ ಇತ್ತಾ ಅಂತ. ಇಲ್ಲ, ಚರ್ಮದ್ದು ಮಾತ್ರ ಅಂತ ಹೇಳಿದೆವು." ಅವರು ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. "ನಿಮಗೆ ಎಂತದಾದ್ರೂ ಹೇಳಿದ್ಲಾ ಅವಳು?"

ಇಲ್ಲ ಎಂದುಬಿಡಬಹುದಿತ್ತು. ಆ ಮನುಷ್ಯನಿಗೆ ಅಷ್ಟಾದರೂ ಸಮಾಧಾನ ಇರುತ್ತಿತ್ತು. ನನಗೂ ಇರುತ್ತಿತ್ತು. ಆದರೆ ಬಾಯಿಗೆ ಬಂದದ್ದು ನಿಜ. ನನ್ನ ಹಾಗೆಯೇ ಅವರಿಗೂ ಎದೆ ಹಾರುತ್ತಿತ್ತು ಎಂದೆ. ಪರೀಕ್ಷೆಗೆ ಜೂನ್ ಮೊದಲ ಮಂಗಳವಾರ ನಾನು ಜೊತೆಗೆ ಬರಬೇಕಿತ್ತು, ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ ಎಂದೆ. ನಿಶ್ಚಿತಾರ್ಥಕ್ಕೆ ತೊಂದರೆಯಾದೀತೆಂದು ನಿಮಗೆ ಹೇಳಿರಲಿಲ್ಲ ಎನ್ನುವುದನ್ನೂ ಹೇಳಿದೆ.

ಹೊರಗೆ ಗಿರಾಕಿಗಳು ಬಿಲ್ ಹಿಡಿದು ನಿಂತಿದ್ದರು. ವಿಠಲಣ್ಣ ಏಳಲಿಲ್ಲ.

"ಗಂಡಿನವರು ಕೇಳಲೇ ಇಲ್ಲ ಅವಳ ಬಗ್ಗೆ," ಎಂದರು ಕೊನೆಗೆ. "ನಾವೇ ಅವಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದೆವು."

ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಕಾಫಿ ತರಿಸಿದರು. ನಾನು ಅದನ್ನು ಮುಟ್ಟಲಿಲ್ಲ, ಅವರೂ ಕುಡಿಯಿರಿ ಎನ್ನಲಿಲ್ಲ. ಎದ್ದಾಗ ಸ್ಟೇಷನ್ನಿನವರೆಗೂ ಬಂದರು. ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬಿ ನಿಲ್ಲುವ ಕಡೆ ನಿಂತಾಗ, ನನ್ನ ಮುಖ ನೋಡದೆ ಮಾತಾಡಿದರು.

"ಅವಳು ನಿಮ್ಮ ಸುದ್ದಿ ತುಂಬಾ ಹೇಳ್ತಿದ್ಲು. ಮೈಸೂರಿನವರು, ಆಫೀಸಿನಲ್ಲಿ ಟೈಪ್ ಮಾಡ್ತಾರೆ, ಚಟ್ನಿಪುಡಿ ತರ್ತಾರೆ ಅಂತ. ನಾವು ಯಾರೂ ನಂಬಿರ್ಲಿಲ್ಲ. ಒಂದು ದಿನಕ್ಕೂ ನಿಮ್ಮ ಫೋನ್ ಬಂದದ್ದಿಲ್ಲ, ನಿಮ್ಮನ್ನು ನೋಡಿದ್ದಿಲ್ಲ. ಮನೆಯಿಂದ ಹೊರಗೆ ಹೋಗ್ಲಿಕ್ಕೆ ಕಥೆ ಕಟ್ತಾಳೆ ಅಂತ ನನ್ನ ಹೆಂಡತಿ ತಮಾಷೆ ಮಾಡ್ತಿದ್ಲು. ನಾನೂ ನಗ್ತಿದ್ದೆ. ಜೂನಿನಲ್ಲಿ ಆ ದಿನ ಬಂದವಳು ಊಟ ಮಾಡ್ಲಿಲ್ಲ. ಎಂತಾಯ್ತು ಅಂತ ಕೇಳಿದ್ದಕ್ಕೆ, ವತ್ಸಲಕ್ಕ ಬರ್ಲಿಲ್ಲ ಅಂದ್ಲು. ಇಲ್ಲದವರು ಹೇಗೆ ಬರ್ತಾರೆ ಅಂತ ನಾನು ಹೇಳಿದೆ."

ಗಾಡಿ ಬಂದು ನಿಂತಿತು. ಹೆಂಗಸರು ಇಳಿದರು, ಹತ್ತಿದರು. ನನ್ನ ಎದೆ ಎಲ್ಲೋ ತಪ್ಪಿ ಎಲ್ಲೋ ಬಡಿಯುತ್ತಿತ್ತು.

"ಹನ್ನೊಂದು ತಿಂಗಳು ಒಂದೇ ಬೆಂಚಿನಲ್ಲಿ ಕೂತಿದ್ದೆವು," ಎಂದೆ. ಅವರಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಅಷ್ಟೇ.